ಲೋಟ ಸದ್ದು ಮಾಡದ ದಿನ

ಮಾತು ಬಾರದವನಿಗೆ ಅಪರೂಪಕ್ಕೊಮ್ಮೆ ಅವಮಾನವಾಗುತ್ತದೆ. ಮಾತು ಕಲಿಯಲು ಹೊರಟವನಿಗೆ ಪ್ರತಿ ಭಾನುವಾರ ಸಂಜೆ ಸರಿಯಾದ ಹೊತ್ತಿಗೆ ಆಗುತ್ತದೆ. ನಾನು ಎರಡನೆಯ ಗುಂಪಿನವನು. ಇಷ್ಟು ವರ್ಷ ಕಳೆದ ಮೇಲೂ ಸ್ನಾನ ಮಾಡುವಾಗ ಇದ್ದಕ್ಕಿದ್ದಂತೆ ಯಾವುದೋ ಒಂದು ಸಭೆ ನೆನಪಾಗಿ ಒಬ್ಬನೇ "ಅಯ್ಯಯ್ಯೋ" ಅಂದುಬಿಡುತ್ತೇನೆ. ಹೆಂಡತಿ ಹೊರಗಿನಿಂದ "ನೀರು ಸುಡಾಕತ್ತಾವೇನ್ರಿ?" ಅಂತ ಕೇಳುತ್ತಾಳೆ. ಇಲ್ಲ ಅನ್ನುತ್ತೇನೆ. "ಹಂಗಾರ ಇವತ್ತ ಯಾವ ಸಭಾ ನೆನಪಾತು?" ಅನ್ನುತ್ತಾಳೆ.

ಕೈಯಲ್ಲೇ ಉಳಿದ ಹಾರ

ಎಪ್ಪತ್ತರ ದಶಕದ ಕೊನೆಯ ಮಾತು. ಗದಗದ ಕಡೆಯಿಂದ ಬಂದು ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಮದುವೆಯಾಗಿ ಹೆಂಡತಿಯನ್ನು ಕರೆತಂದು ಒಂದೇ ಕೋಣೆಯ ಮನೆ ಮಾಡಿದ್ದೆ. ಆಗಲೇ ನಮ್ಮ ಫೋರ್‌ಮನ್ ನಿವೃತ್ತರಾದರು. ಬೀಳ್ಕೊಡುಗೆಗೆ ಎಲ್ಲರೂ ಸಂಸಾರ ಸಮೇತ ಬರಬೇಕು ಅಂತಾಯಿತು. ಫೋರ್‌ಮನ್ನರಿಗೆ ಹಾರ ಹಾಕಿ ನಾಲ್ಕು ಮಾತಾಡುವ ಕೆಲಸವನ್ನು ನನಗೆ ಹಚ್ಚಿದರು. ಕ್ಯಾಂಟೀನಿನಲ್ಲಿ ನಾನು ಬಾಯಿ ಮುಚ್ಚದೆ ಮಾತಾಡುವುದನ್ನು ಅವರೆಲ್ಲ ಕಂಡಿದ್ದರು.

ಹೆಂಡತಿ ಇಳಕಲ್ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತಿದ್ದಳು. ಅಕ್ಕಪಕ್ಕದ ಹೆಂಗಸರಿಗೆಲ್ಲ "ಈಗ ನಮ್ಮವರು ಮಾತಾಡ್ತಾರ" ಅಂತ ಹೇಳಿಯೂ ಆಗಿತ್ತು. ನಾನು ಹಾರ ಹಿಡಿದು ಮೈಕಿನ ಮುಂದೆ ನಿಂತೆ. "ಮಾನ್ಯರೇ" ಅಂದೆ. ಮುಂದಿನದು ಬರಲಿಲ್ಲ. ಎದುರಿಗೆ ಬರೀ ಮುಖಗಳು, ಎಲ್ಲವೂ ನನ್ನ ಕಡೆಗೇ. ಮತ್ತೊಮ್ಮೆ "ಮಾನ್ಯರೇ" ಅಂದೆ. ನಾಲಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

ಫೋರ್‌ಮನ್ನರು ಹಾರಕ್ಕೆಂದು ತಲೆ ಬಗ್ಗಿಸಿದವರು ಬಗ್ಗಿಸಿಕೊಂಡೇ ಇದ್ದರು. ಪಾಪ, ಸೊಂಟದ ನೋವಿನ ಮನುಷ್ಯ. ಕೊನೆಗೆ ಅವರೇ ನೆಟ್ಟಗಾಗಿ, ನನ್ನ ಕೈಯಿಂದ ಹಾರ ಬಿಡಿಸಿಕೊಂಡು, ತಮ್ಮ ಕೊರಳಿಗೆ ತಾವೇ ಹಾಕಿಕೊಂಡು, "ಹೋಗಿ ನೀರು ಕುಡಿಯಪ್ಪಾ" ಅಂದರು. ಆ ಸಂಜೆ ಜೋರು ಚಪ್ಪಾಳೆ ಬಿದ್ದದ್ದು ಆ ಮಾತಿಗೆ.

ಮನೆಗೆ ಬಂದ ಮೇಲೆ ಹೆಂಡತಿ ಸೀರೆ ಮಡಚಿ ಟ್ರಂಕಿನೊಳಗಿಟ್ಟಳು. "ನೀವು ಎದ್ದು ನಿಂತು ನಾಕ ಮಾತು ನೆಟ್ಟಗ ಆಡೂದು ಖಾತ್ರಿ ಆಗೂತನಕ ನಾ ನಿಮ್ಮ ಜೋಡಿ ಯಾವ ಸಮಾರಂಭಕ್ಕೂ ಬರಂಗಿಲ್ಲ" ಅಂದಳು. ನನಗೆ ಅದು ಮನಸ್ಸಿಗೆ ನಾಟಿತು. ಈ ಊರಿನಲ್ಲಿ ಅವಳಿಗೆ ನನ್ನನ್ನು ಬಿಟ್ಟು ಯಾರೂ ಇರಲಿಲ್ಲ. ಇದ್ದೊಬ್ಬನೂ ಅವಳ ತಲೆ ತಗ್ಗಿಸಿದ್ದೆ. ಅವಳನ್ನು ಮತ್ತೆ ಒಂದು ಸಭೆಯಲ್ಲಿ ಕೂರಿಸಿ, ಅವಳು ಕೇಳುವ ಹಾಗೆ ಮಾತಾಡಲೇಬೇಕು ಅಂತ ನಿಶ್ಚಯ ಮಾಡಿದೆ. ಮಾತಿಗೆ ಮಾತು ಬರಲಿ ಅಂತ "ಫೋರ್‌ಮನ್ನರ ಮಾತು ಹೆಂಗಿತ್ತು?" ಅಂದೆ.

"ಅವರಾದರೂ ಪೂರ್ತಿ ವಾಕ್ಯ ಆಡಿದರು" ಅಂದಳು.

ಕರೆಂಟ್ ಹೋದಾಗ

ಆರ್.ಟಿ. ನಗರದ ಒಂದು ಶಾಲೆಯಲ್ಲಿ ಭಾನುವಾರ ಸಂಜೆ ಭಾಷಣ ಕೂಟ ಸೇರುತ್ತಿತ್ತು. ದಂಡು ಪ್ರದೇಶದ ಇಂಗ್ಲಿಷ್ ಕ್ಲಬ್ಬೊಂದರ ನಿಯಮಗಳನ್ನು ನೋಡಿಕೊಂಡು ಬಂದ ಒಬ್ಬ ಬ್ಯಾಂಕ್ ಅಧಿಕಾರಿ ಅದನ್ನು ಕನ್ನಡದವರಿಗಾಗಿ ಶುರು ಮಾಡಿದ್ದರು. ಅವರೇ ಕಾರ್ಯದರ್ಶಿ. ಒಂದನೇ ತರಗತಿಯ ಬೆಂಚುಗಳಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ನಾವೆಲ್ಲ ಮಹಾ ವಾಗ್ಮಿಗಳಾಗಲು ಕೂರುತ್ತಿದ್ದೆವು.

ನಿಯಮಗಳೋ ಮದುವೆ ಶಾಸ್ತ್ರಕ್ಕಿಂತ ಹೆಚ್ಚು. ಭಾಷಣಕಾರನ ಎದುರಿಗೆ ಮೂರು ಬಲ್ಬಿನ ಒಂದು ಪೆಟ್ಟಿಗೆ. ಹಸಿರು ಹತ್ತಿದರೆ ಇನ್ನೂ ಮಾತಾಡಬಹುದು, ಹಳದಿಗೆ ಮುಗಿಸಲು ತಯಾರಾಗಬೇಕು, ಕೆಂಪಿಗೆ ನಿಲ್ಲಿಸಬೇಕು. ಮಾತಿನ ನಡುವೆ "ಅಂ..." ಅಂತ ತಡವರಿಸಿದರೆ ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರು ಸ್ಟೀಲ್ ಲೋಟಕ್ಕೆ ಚಮಚದಿಂದ ಟಿಂಗ್ ಅಂತ ಬಾರಿಸುತ್ತಿದ್ದರು. ಯಾರಾದರೂ ನಡುವೆ ಹೊರಗೆ ಹೋಗಬೇಕಾದರೆ ಭಾಷಣಕಾರನಿಗೆ ಅಡಚಣೆಯಾಗದ ಹಾಗೆ, ಬಗ್ಗಿಕೊಂಡು, ಕುರ್ಚಿ ಬೆಂಚಿನ ಸದ್ದಾಗದಂತೆ ಹೋಗಬೇಕು. ಈ ಕೊನೆಯ ನಿಯಮವನ್ನು ಕಾರ್ಯದರ್ಶಿಗಳು ನಮಗೆ ಮಾಡಿಸಿ ತೋರಿಸಿದ್ದರು. ದೊಡ್ಡ ದೊಡ್ಡ ಗಂಡಸರು ಬೆಕ್ಕಿನ ಹಾಗೆ ಬಾಗಿಲಿಗೆ ಹೋಗಿ ಬಂದು ಅಭ್ಯಾಸ ಮಾಡಿದ್ದೆವು.

ನನ್ನ ಮೊದಲ ಭಾಷಣದಲ್ಲಿ ಆ ಲೋಟ ಸುಮ್ಮನಿರಲೇ ಇಲ್ಲ. ಹೊರಗೆ ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬ ಹೆಂಗಸು ಐಸ್‌ಕ್ರೀಂ ಗಾಡಿ ಬಂದಿದೆ ಅಂದುಕೊಂಡು ಮಗುವನ್ನು ಎತ್ತಿಕೊಂಡು ಒಳಗೆ ಇಣುಕಿದಳು. ನಾನು ಬೆವರಿ ತೊಪ್ಪೆಯಾಗಿ "ನನ್ನ... ಅಂ... ಊರು..." ಅನ್ನುವಷ್ಟರಲ್ಲಿ ಕರೆಂಟ್ ಹೋಯಿತು.

ಆಮೇಲೆ ನಡೆದದ್ದು ನನಗೇ ಆಶ್ಚರ್ಯ. ಎದುರಿನ ಮುಖಗಳು ಕಾಣದಾದವು ನೋಡಿ, ಬಾಯಿ ತಾನಾಗಿ ಬಿಚ್ಚಿಕೊಂಡಿತು. ನಮ್ಮೂರಿನ ಎರೆ ಹೊಲ, ಜೋಳದ ಸಿಹಿತೆನೆ, ರೈಲು ಹತ್ತಿ ಬಂದ ದಿನ, ಎಲ್ಲ ನೀರು ಹರಿದ ಹಾಗೆ ಹೇಳುತ್ತಾ ಹೋದೆ. ಲೋಟ ಒಮ್ಮೆಯೂ ಸದ್ದು ಮಾಡಲಿಲ್ಲ. ಯಾರೋ ಕತ್ತಲಲ್ಲೇ "ಭೇಷ್" ಅಂದರು. "ಅವತ್ತು ನಮ್ಮ ತಾಯಿ ಸ್ಟೇಷನ್ನಿಗೆ ಬಂದು ನನ್ನ ಕೈ ಹಿಡಿದು" ಅಂದೆ, ಅಷ್ಟರಲ್ಲಿ ಕರೆಂಟ್ ಬಂತು. ಮುಖಗಳೂ ಬಂದವು. ನಮ್ಮ ತಾಯಿ ಸ್ಟೇಷನ್ನಿನಲ್ಲೇ ನಿಂತುಬಿಟ್ಟಳು.

"ಏನ್ರೀ ಇದು, ಕತ್ತಲಲ್ಲಿ ನೀವು ಬೇರೆ ಮನುಷ್ಯ ಆಗ್ಬಿಡ್ತೀರಲ್ಲ" ಅಂದರು ಕಾರ್ಯದರ್ಶಿಗಳು. ಲೋಟದ ಪೋಸ್ಟ್‌ಮಾಸ್ಟರು ಗಂಭೀರವಾಗಿ ಯೋಚಿಸಿ, "ಇವರ ಭಾಷಣ ಯಾವಾಗಲೂ ಕರೆಂಟ್ ಹೋಗೋ ಹೊತ್ತಿಗೆ ಹಾಕ್ಕೊಳೋದು ಒಳ್ಳೇದು" ಅಂದರು.

ಅಳು ಬೇಗ ಬಂತು

ಕೂಟದಲ್ಲಿ ಇನ್ನೊಂದು ಪದ್ಧತಿ ಇತ್ತು. ಒಬ್ಬ ಮಾತಾಡಿದ ಮೇಲೆ ಇನ್ನೊಬ್ಬ ಎದ್ದು ಆ ಭಾಷಣದ ವಿಮರ್ಶೆ ಮಾಡಬೇಕು. ಮೊದಲು ಮೆಚ್ಚುಗೆ, ನಡುವೆ ಒಂದು ತಿದ್ದುಪಡಿ, ಕೊನೆಗೆ ಮತ್ತೆ ಮೆಚ್ಚುಗೆ. ಭಾಷಣ ಬಾರದ ನನಗೆ ಈ ವಿಮರ್ಶೆ ಮಾತ್ರ ಚೆನ್ನಾಗಿ ಒಗ್ಗಿತು. ಬೇರೆಯವರ ತಪ್ಪು ಹೇಳಲು ಧೈರ್ಯ ಬೇಕಾಗಲಿಲ್ಲ. ವಾರವಾರ ಮಾಡಿ ಮಾಡಿ ನನ್ನ ನಾಲಗೆಗೆ ಅದೊಂದೇ ದಾರಿ ಗೊತ್ತಾಗಿಬಿಟ್ಟಿತ್ತು.

ಕೂಟದಲ್ಲಿ ನನ್ನ ಆಪ್ತರೆಂದರೆ ಕೊಡಿಗೇಹಳ್ಳಿಯ ಗೌಡರು. ದ್ರಾಕ್ಷಿ ತೋಟದವರು, ಪಂಚಾಯ್ತಿ ಚುನಾವಣೆಗೆ ನಿಲ್ಲಬೇಕೆಂದು ಮಾತು ಕಲಿಯಲು ಬರುತ್ತಿದ್ದರು. ಅವರ ದೊಡ್ಡಪ್ಪ ತೀರಿಕೊಂಡರು. ತಿಥಿಯ ದಿನ ಕೂಟದವರೆಲ್ಲ ಹೋದೆವು. ತಿಥಿ ಸಮಾರಂಭವಲ್ಲ ಎಂಬ ಕಾರಣಕ್ಕೆ ಹೆಂಡತಿಯೂ ಬಂದಳು.

ಊಟಕ್ಕೆ ಮುಂಚೆ ಅಂಗಳದಲ್ಲಿ ನಾಲ್ಕು ಒಳ್ಳೆಯ ಮಾತಾಡುವ ಏರ್ಪಾಡಿತ್ತು. ಸತ್ತವರ ಮಗ ಎದ್ದು, "ನಮ್ಮಪ್ಪ ಒಂದಿನಾನೂ ನಂಗೆ ಒಡ್ದೋರಲ್ಲ" ಅಂತ ಶುರು ಮಾಡಿದವನೇ ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಹೇಗೋ ಸಾವರಿಸಿಕೊಂಡು ಮಾತು ಮುಗಿಸಿದ. ಇಡೀ ಅಂಗಳ ಕಣ್ಣೊರೆಸಿಕೊಂಡಿತು. ಯಾರೋ "ಈಗ ಭಾಷಣದ ಕೂಟದೋರು ಎರಡು ಮಾತಾಡ್ಬೇಕು" ಅಂತ ನನ್ನನ್ನು ಎಬ್ಬಿಸಿದರು.

ಎದ್ದೆ. ಎದುರಿಗೆ ಮುಖಗಳು. ತಲೆ ಖಾಲಿಯಾಯಿತು. ನಾಲಗೆ ತನಗೆ ಗೊತ್ತಿದ್ದ ದಾರಿ ಹಿಡಿಯಿತು. "ಈಗ ಮಾತಾಡಿದವರ ಆರಂಭ ಬಹಳ ಚೆನ್ನಾಗಿತ್ತು" ಅಂದೆ. "ದನಿ ಕೊನೆಯ ಸಾಲಿನವರೆಗೂ ಕೇಳಿಸಿತು. ಆದರೆ ಅಳು ಸ್ವಲ್ಪ ಬೇಗ ಬಂತು. ಅದನ್ನು ಕೊನೆಗೆ ಇಟ್ಟುಕೊಂಡಿದ್ದರೆ ಪರಿಣಾಮ ಇನ್ನೂ ಹೆಚ್ಚಾಗುತ್ತಿತ್ತು. ಒಟ್ಟಿನಲ್ಲಿ ಒಳ್ಳೆಯ ಪ್ರಯತ್ನ, ಮುಂದಿನ ಸಲ ಇನ್ನೂ ಚೆನ್ನಾಗಿ ಮಾಡಲಿ."

ಮುಂದಿನ ಸಲ ಅಂದ ಮೇಲೆ ನನಗೆ ನಾನೇನು ಹೇಳಿದೆ ಅನ್ನುವುದು ಕಿವಿಗೆ ಬಿತ್ತು. ಅಷ್ಟರಲ್ಲಿ ನಮ್ಮ ಕೂಟದವರು ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದ್ದರು. ಹೆಂಗಸರ ನಡುವೆ ಇಳಕಲ್ ಸೀರೆಯ ಸೆರಗೊಂದು ಮುಖದ ಮೇಲೆ ಬಂತು, ಮತ್ತೆ ಕೆಳಗಿಳಿಯಲಿಲ್ಲ. ಭೂಮಿ ಬಾಯಿ ಬಿಟ್ಟಿದ್ದರೆ ನಾನು ಎಲೆಯ ಮುಂದೆ ಕೂರದೆ ಅದರೊಳಗೇ ಕೂರುತ್ತಿದ್ದೆ.

ಗೌಡರು ನನ್ನನ್ನು ಬಾವಿಯ ಕಡೆಗೆ ಕರೆದುಕೊಂಡು ಹೋದರು. ಕಾಲಿಗೆ ಬೀಳಬೇಕು ಅಂತ ಬಗ್ಗಿದೆ. ಅವರು ಭುಜ ಹಿಡಿದು ಎತ್ತಿ, ಮೆಲ್ಲಗೆ, "ಬೇಗ ಬಂದಿದ್ದು ನಿಜ ಬುಡಿ ಸಾ" ಅಂದರು.

ವಾಪಸ್ ಬರುವಾಗ ಹೆಂಡತಿ ಬಸ್ಸಿನ ಮುಂದುಗಡೆ ಕೂತು ತನ್ನೊಬ್ಬಳಿಗೇ ಟಿಕೆಟ್ ಕೇಳಿದಳು. ಕಂಡಕ್ಟರು ನನ್ನ ಕಡೆ ನೋಡಿ "ಯಜಮಾನ್ರಿಗೆ?" ಅಂದ.

"ಅವರ್ಯಾರೋ ನನಗ ಗೊತ್ತಿಲ್ರಿ" ಅಂದಳು.

ಯಲಹಂಕದ ಸಮ್ಮೇಳನ

ಎಂಬತ್ತರ ದಶಕ ಬಂತು. ಊರಿನ ನಾಲ್ಕಾರು ಭಾಷಣ ಕೂಟಗಳು ಸೇರಿ ಯಲಹಂಕದ ಒಂದು ಕಲ್ಯಾಣ ಮಂಟಪದಲ್ಲಿ ಸಮ್ಮೇಳನ ಮಾಡಿದವು. ನಮ್ಮ ಕೂಟದ ಪರವಾಗಿ ನಾನು ಮಾತಾಡಬೇಕು ಅಂತಾಯಿತು. ಬೇರೆಯವರೆಲ್ಲ ಒಂದೊಂದು ನೆಪ ಹೇಳಿ ತಪ್ಪಿಸಿಕೊಂಡಿದ್ದರು.

ಹೆಂಡತಿಯನ್ನು ಕರೆಯುವ ಮುಖ ನನಗಿರಲಿಲ್ಲ. ಕರೆದವರು ಗೌಡರು. ಒಂದು ಬುಟ್ಟಿ ದ್ರಾಕ್ಷಿ ಹೊತ್ತುಕೊಂಡು ಮನೆಗೇ ಬಂದು, "ಅಮ್ಮಾ, ಈ ಸಲ ನಿಮ್ಗೆ ಅವಮಾನ ಆಗಾಕಿಲ್ಲ. ನಾನವ್ನಿ" ಅಂದರು. ಅವರ ಮನೆಯ ತಿಥಿಯಲ್ಲಿ ನಾನು ಮಾಡಿದ್ದನ್ನು ನೆನೆದು ಅವಳಿಗೆ ಇಲ್ಲ ಅನ್ನಲಾಗಲಿಲ್ಲ. ಇಳಕಲ್ ಸೀರೆ ಮತ್ತೆ ಟ್ರಂಕಿನಿಂದ ಹೊರಗೆ ಬಂತು. ಆದರೆ ಮಂಟಪದೊಳಗೆ ಬಂದವಳು ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದ ಕುರ್ಚಿಯನ್ನೇ ಹಿಡಿದಳು. "ಇಲ್ಲಿಂದ ಲಗೂನ ಎದ್ದು ಹೋಗಬಹುದು" ಅಂದಳು.

ಗೌಡರು ನನ್ನ ಕಿವಿಯಲ್ಲಿ, "ನೀವು ಎದರ್ಬ್ಯಾಡಿ ಸಾ. ನಿಮ್ಮೆಸ್ರು ಕೂಗ್ತಿದ್ದಂಗೆ ಕರೆಂಟಿನ ಫೀಸ್ ಕಿತ್ತಾಕ್ತೀನಿ. ಕತ್ಲಾದ್ರೆ ನಿಮ್ ಮುಂದೆ ಯಾವ್ನೂ ನಿಲ್ಲಾಕಿಲ್ಲ" ಅಂದರು. ಬೇಡ ಅನ್ನುವಷ್ಟರಲ್ಲಿ ಮಾಯವಾದರು.

ಎಲ್ಲ ಸಮ್ಮೇಳನಗಳ ಹಾಗೆ ಇದೂ ತಡವಾಯಿತು. ನನ್ನ ಸರದಿ ಬರುವಾಗ ಹೊರಗೆ ಕತ್ತಲು, ಒಳಗೆ ಒಗ್ಗರಣೆಯ ಘಮಲು. ನನ್ನ ಹೆಸರು ಕರೆದರು. ನಾನು ವೇದಿಕೆ ಹತ್ತಿದೆ. ಮುಖಗಳೆಲ್ಲ ನನ್ನ ಕಡೆ ತಿರುಗಿದವು. "ಮಾನ್ಯರೇ" ಅಂದೆ. ಮಂಟಪ ಕತ್ತಲಾಯಿತು.

ನಾನು ಬಾಯಿಪಾಠ ಮಾಡಿದ್ದು "ಸಮಯಪಾಲನೆ" ಎಂಬ ವಿಷಯ. ಅದು ಬಲ್ಬಿನ ಜೊತೆಗೇ ಆರಿಹೋಯಿತು. ಅದರ ಬದಲು ಬಂದದ್ದು ಬೇರೆ. ಹಾರ ಕೈಯಲ್ಲೇ ಉಳಿದ ಸಂಜೆಯನ್ನು ಹೇಳಿದೆ. ಒಂದೇ ಕೋಣೆಯ ಮನೆಗೆ ಬಂದ ಹೊಸತರಲ್ಲಿ ಹೆಂಡತಿ ಮಾತಾಡಲು ಯಾರೂ ಇಲ್ಲದೆ ಕಿಟಕಿಯಿಂದ ರೈಲು ನೋಡುತ್ತಾ ನಿಂತಿರುತ್ತಿದ್ದುದನ್ನು ಹೇಳಿದೆ. ಅವಳು ಊರಿಗೆ ಹೋಗುವ ರೈಲನ್ನೇ ನೋಡುತ್ತಿದ್ದಾಳೆ ಅಂತ ಗೊತ್ತಿದ್ದೂ ನಾನು ಒಂದು ದಿನವೂ ಏನೂ ಕೇಳಲಿಲ್ಲ ಅಂದೆ. "ನಾಲ್ಕು ಜನರ ಮುಂದೆ ಮಾತು ಬರಲಿಲ್ಲ ಅಂತ ನಾಚಿದೆ. ಅವಳೊಬ್ಬಳ ಮುಂದೆ ಆಡಬೇಕಾದ ಮಾತು ಆಡಲಿಲ್ಲ ಅಂತ ನಾಚಬೇಕಿತ್ತು" ಅಂದೆ. ಅಲ್ಲಿಗೆ ಅಳು ಬಂದು ಬಿಕ್ಕಿದೆ, ಕಣ್ಣೊರೆಸಿಕೊಂಡೆ. ಆಮೇಲೂ ಮಾತಾಡಿದೆ, ಬಹಳ ಹೊತ್ತು ಮಾತಾಡಿದೆ. ಹಳದಿ ಇಲ್ಲ, ಕೆಂಪು ಇಲ್ಲ. ಲೋಟ ಒಂದು ಸಲವೂ ಸದ್ದು ಮಾಡಲಿಲ್ಲ. ಮಂಟಪ ಉಸಿರು ಬಿಗಿಹಿಡಿದು ಕೇಳುತ್ತಿತ್ತು. ಜೀವನದಲ್ಲಿ ಮೊದಲ ಬಾರಿಗೆ ನನಗೆ ನನ್ನ ಬಗ್ಗೆ ಹೆಮ್ಮೆ ಅನ್ನಿಸಿತು.

"ಧನ್ಯವಾದ" ಅಂದೆ. ದೀಪ ಹತ್ತಿತು.

ಮಂಟಪದಲ್ಲಿ ಕುರ್ಚಿಗಳಿದ್ದವು. ಸಾಲು ಸಾಲಾಗಿ, ಅಚ್ಚುಕಟ್ಟಾಗಿ, ಖಾಲಿ. ಪೋಸ್ಟ್‌ಮಾಸ್ಟರ ಜಾಗದಲ್ಲಿ ಲೋಟವೂ ಇರಲಿಲ್ಲ, ನೀರು ಕುಡಿಯಲು ತೆಗೆದುಕೊಂಡು ಹೋಗಿದ್ದರು. ಆಗಿದ್ದಿಷ್ಟು. ಕರೆಂಟ್ ಹೋದ ತಕ್ಷಣ ಊಟದ ಮನೆಯಲ್ಲಿ ಪೆಟ್ರೋಮ್ಯಾಕ್ಸ್ ಹಚ್ಚಿದ್ದಾರೆ. ಎಲೆ ಹಾಕಿದ ಸುದ್ದಿ ಸಾಲಿನಿಂದ ಸಾಲಿಗೆ ಪಿಸುಮಾತಿನಲ್ಲಿ ದಾಟಿದೆ. ಭಾಷಣಕಾರನಿಗೆ ಅಡಚಣೆಯಾಗದ ಹಾಗೆ, ಬಗ್ಗಿಕೊಂಡು, ಕುರ್ಚಿಯ ಸದ್ದಾಗದಂತೆ, ಇಡೀ ಸಮ್ಮೇಳನ ಎದ್ದು ಹೋಗಿದೆ. ನಮ್ಮ ಕಾರ್ಯದರ್ಶಿಗಳ ಶಿಕ್ಷಣ ಅಷ್ಟು ಚೆನ್ನಾಗಿತ್ತು.

ಫ್ಯೂಸ್ ಹಾಕಿ ಓಡಿ ಬಂದ ಗೌಡರು ವೇದಿಕೆಯ ಪಕ್ಕದಿಂದ ಇಣುಕಿ, "ಜನ ಎಲ್ ಸಾ?" ಅಂದರು. ನನ್ನ ಕಿವಿ ಕಾದು ಕೆಂಡವಾಗಿತ್ತು. ಪಕ್ಕದ ಊಟದ ಮನೆಯಿಂದ "ಇಲ್ಲಿಗೆ ಸಾರು" ಅನ್ನುವುದು ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಆಗ ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದಲ್ಲಿ, ಇಳಕಲ್ ಸೀರೆ ಕಂಡಿತು. ಖಾಲಿ ಕುರ್ಚಿಗಳನ್ನು ದಾಟಿ ಅವಳ ಹತ್ತಿರ ಹೋದೆ.

"ಎಲ್ಲಾರೂ ಹೋದರು. ನೀ ಬಾಗಲದಾಗ ಕುಂತಾಕಿ, ಯಾಕ ಹೋಗಲಿಲ್ಲ?" ಅಂದೆ.

"ಕತ್ತಲ್ಯಾಗ ಚಪ್ಪಲಿ ಸಿಗಲಿಲ್ಲ" ಅಂದಳು.

ಬಗ್ಗಿ ನೋಡಿದೆ. ಚಪ್ಪಲಿ ಅವಳ ಕಾಲಲ್ಲೇ ಇದ್ದವು. ನಾನು ನೋಡಿದ್ದನ್ನು ಅವಳೂ ನೋಡಿದಳು. ಎದ್ದು, ಸೆರಗಿನಿಂದ ಕಣ್ಣೊರೆಸಿಕೊಂಡು, ನೆರಿಗೆ ಸರಿ ಮಾಡಿಕೊಂಡು, ಊಟದ ಮನೆಯ ಕಡೆ ಹೊರಟವಳು ಒಂದು ಗಳಿಗೆ ನಿಂತಳು.

"ಆರಂಭ ಛಲೋ ಇತ್ತು" ಅಂದಳು. "ದನಿ ಕಡೀ ಸಾಲಿನತನಕ ಕೇಳಿಸ್ತು. ಆದ್ರ ಅಳು ಸ್ವಲ್ಪ ಲಗೂ ಬಂತು."