ಹುಳುಮನೆಯ ಮಿಡ್‌ಫೀಲ್ಡರ್

ನಮ್ಮಕ್ಕನ ಮಗಳು ಫುಟ್‌ಬಾಲ್ ಆಡಿ ಸಂಬಳ ತೆಗೆದುಕೊಳ್ಳುತ್ತಾಳೆ, ಆದರೆ ಗೋಲು ಹೊಡೆಯುವುದಿಲ್ಲ! ಹೀಗೆಂದರೆ ನಮ್ಮೂರು ಸಾದಲಿಯಲ್ಲಿ ಯಾರು ನಂಬುತ್ತಾರೆ? ಅವಳು ಮಿಡ್‌ಫೀಲ್ಡರ್. ಹಿಂದಿನವರಿಂದ ಚೆಂಡು ಇಸಕೊಂಡು ಮುಂದಿನವರಿಗೆ ಕೊಡುವವಳು. "ಹಂಗಾದ್ರೆ ನಡುವೆ ನೀನ್ಯಾಕಮ್ಮ?" ಎಂದು ನಮ್ಮಪ್ಪ ಊಟದ ಹೊತ್ತಿನಲ್ಲಿ ಕೇಳಿಬಿಟ್ಟರು. ಅವಳು ತಟ್ಟೆ, ಲೋಟ, ಉಪ್ಪಿನಕಾಯಿ ಜಾಡಿಗಳನ್ನೇ ಆಟಗಾರರನ್ನಾಗಿ ಮಾಡಿ ಅರ್ಧ ಗಂಟೆ ವಿವರಿಸಿದಳು. ಅಷ್ಟರಲ್ಲಿ ಅಪ್ಪನ ಮುದ್ದೆ ಆರಿ ಕಲ್ಲಾಗಿತ್ತು.

ಇನ್ನು ಅವಳ ಕತ್ತು! ಚೆಂಡು ಬರುವ ಮೊದಲೇ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿಕೊಳ್ಳಬೇಕಂತೆ, ಕೋಚ್ ಹೇಳಿಕೊಟ್ಟದ್ದು. ಇವಳು ಬಸ್ಸಿನಲ್ಲಿ ನಿಂತಾಗಲೂ, ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗಲೂ ಅದನ್ನು ಬಿಡಲಿಲ್ಲ. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಗಾಳಿ ಸೋಕಿದೆಯೆಂದು ಪಕ್ಕದ ಮನೆಯವರು ಅಕ್ಕನನ್ನು ಹೆದರಿಸಿ ತಾಯತ ಕಟ್ಟಿಸಿದರು. ತಾಯತ ಕಟ್ಟಿಸಿಕೊಂಡೂ ಕತ್ತು ತಿರುಗಿಸುತ್ತಲೇ ಇದ್ದಳು, ಅಷ್ಟು ಹಟ.

ಅಕ್ಕನದು ರೇಷ್ಮೆಹುಳು ಸಾಕುವ ಮನೆ. ನಾಲ್ಕನೇ ಜ್ವರ, ಅಂದರೆ ಕೊನೆಯ ಪೊರೆ ಕಳಚಿ ಎದ್ದ ಹುಳುಗಳ ಹಸಿವನ್ನು ನೀವು ನೋಡಬೇಕು! ಆಗ ಮದುವೆ ಮುಂಜಿ ಅಂದರೂ ಅಕ್ಕ ಅಲ್ಲಾಡುವುದಿಲ್ಲ. ಮಗಳ ಒಂದು ಪಂದ್ಯವನ್ನೂ ಅವಳು ನೋಡಿರಲಿಲ್ಲ. ಬೆಂಗಳೂರಿನ ಕ್ಲಬ್ಬು ಸೇರಿದ ಹೊಸದರಲ್ಲಿ ಮಗಳು ರಜೆಗೆ ಬಂದವಳೇ ಮೊಣಕಾಲಿಗೆ ನೋವಿನ ಸ್ಪ್ರೇ ಹೊಡೆದುಕೊಂಡು ಸೀದಾ ಹುಳುಮನೆಗೆ ನುಗ್ಗಿದಳು. ಊದಿನಕಡ್ಡಿಯ ವಾಸನೆಗೂ ಮುನಿಯುವ ಜೀವಗಳು ಅವು. ಸೊಪ್ಪು ಬಿಟ್ಟು ತಲೆ ಎತ್ತಿಕೊಂಡು ಸುಮ್ಮನೆ ಕೂತವು. ಅಕ್ಕ ಕಿಟಕಿಗಳನ್ನೆಲ್ಲ ತೆರೆದು, "ಇನ್ನೊಂದ್ಸಲ ಆ ವಾಸ್ನೆ ಬಳ್ಕೊಂಡು ಬಂದ್ರೆ ಈ ಹೊಸ್ಲು ತುಳೀಬೇಡ" ಅಂದಳು. ಸಂಜೆಗೆ ಹುಳುಗಳು ಮುನಿಸು ಬಿಟ್ಟು ತಿಂದವು. ಮಗಳು ಮಾತ್ರ ಅಂದಿನಿಂದ ಸ್ಪ್ರೇ ಮುಟ್ಟಲಿಲ್ಲ.

ಆ ಸೀಸನ್ನೆಲ್ಲ ಬೆಂಚಿನ ಮೇಲೆ ಕೂತೇ ಕಳೆಯಿತು. ಆಡಿ ತೋರಿಸದಿದ್ದರೆ ಮುಂದಿನ ವರ್ಷ ಕ್ಲಬ್ಬಿನವರು ಕರೆಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಮೈದಾನದಲ್ಲಿರುತ್ತಿದ್ದಳು, ರಜೆಯ ದಿನ ಬಸ್ಸು ಹತ್ತಿ ಬಂದು ಸೊಪ್ಪು ಕೊಯ್ಯುತ್ತಿದ್ದಳು. ಕೊನೆಯ ಪಂದ್ಯದ ಕೊನೆಯ ಹದಿನೈದು ನಿಮಿಷಕ್ಕೆ ಅವಳನ್ನು ಇಳಿಸಿದರು. ನೋಡಲು ಮನೆಯವರ ಪೈಕಿ ನಾನೊಬ್ಬನೇ ಹೋಗಿದ್ದೆ. ಊರಲ್ಲಿ ಹುಳುಗಳು ನಾಲ್ಕನೇ ಜ್ವರ ಬಿಟ್ಟು ಎದ್ದಿದ್ದವು.

ಇಳಿದ ಎರಡೇ ನಿಮಿಷಕ್ಕೆ ಎದುರಾಳಿ ಹುಡುಗಿ ಇವಳ ಪಾದ ತುಳಿದುಬಿಟ್ಟಳು. ತಂಡದ ಫಿಸಿಯೋ ಸ್ಪ್ರೇ ಹಿಡಿದು ಓಡಿ ಬಂದರೆ, ಬಿದ್ದಲ್ಲಿಂದಲೇ ಎರಡೂ ಕೈ ಅಡ್ಡ ಹಿಡಿದು ತಡೆದಳು. ಹಲ್ಲು ಕಚ್ಚಿ ಎದ್ದಳು. ಕುಂಟುತ್ತಲೇ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಬಂದ ಚೆಂಡನ್ನು ಮುಂದೆ ತಳ್ಳಿದಳು. ಗೋಲು! ನಾನು ಕುಣಿಯುವುದನ್ನು ಕಂಡು ಪಕ್ಕದವರು, ಹೊಡೆದವಳು ನಿಮ್ಮ ಹುಡುಗಿಯೇ ಎಂದು ಕೇಳಿದರು. ಅಲ್ಲ ಸ್ವಾಮಿ, ಕೊಟ್ಟವಳು ಅಂದೆ. ಮುಂದಿನ ವರ್ಷವೂ ಬಾ ಎಂದು ಕೋಚ್ ಅಲ್ಲೇ ಹೇಳಿದರು.

ಊರಿನ ಬಸ್ಸಿನಲ್ಲಿ ಅವಳ ಊದಿದ ಕಾಲು ನೋಡಿ ಬೈದೆ. ಸ್ಪ್ರೇ ಹೊಡೆಸಿಕೊಂಡಿದ್ದರೆ ಏನು ಗಂಟು ಹೋಗುತ್ತಿತ್ತು?

"ನಾಳೆ ಹುಳಕ್ಕೆ ಸೊಪ್ಪು ಹಾಕ್ಬೇಕಲ್ಲ ಮಾಮ. ಅಮ್ಮ ಒಬ್ಳೇ."

ಮನೆಗೆ ಬಂದು ಈ ಮಾತನ್ನು ಅಕ್ಕನಿಗೆ ಹೇಳಿದೆ. ಅಕ್ಕ ಹುಳುಮನೆಯ ಬಾಗಿಲು ಮುಂದೆ ಮಾಡಿ ಬಂದು, ಉಪ್ಪಿನ ಗಂಟು ಬಿಸಿ ಮಾಡಿ, ಮಗಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಶಾಖ ಕೊಡುತ್ತ ಬಹಳ ಹೊತ್ತು ಕೂತಳು.

"ಮುಂದಿನ್ ವರ್ಷ ನೋವಾದ್ರೆ ಸ್ಪ್ರೇ ಹೊಡ್ಸ್ಕೋ ಕಣಮ್ಮ," ಅಂದಳು ಕೊನೆಗೆ. "ಹುಳ ನಾನು ನೋಡ್ಕೋತೀನಿ."

ಎಡಬಲ ತಿರುಗುವುದನ್ನು ಮರೆತು ಹುಡುಗಿ ಅಮ್ಮನ ಮುಖವನ್ನೇ ನೋಡುತ್ತ ಕೂತಳು.