ವಕೀಲರ ಗಾಡಿಗೆ ಪೂರ್ತಿ ವಿಮೆ

ಬೈಲಹೊಂಗಲದ ವಕೀಲರ ಪೈಕಿ ಸ್ವಂತ ಕಾರು ಇಟ್ಟವನು ಆ ಕಾಲಕ್ಕೆ ನಾನೊಬ್ಬನೇ. ಎಪ್ಪತ್ತರ ದಶಕದ ಮಾತಿದು. ಈ ವಾಕ್ಯವನ್ನು ನಾನು ಎಲ್ಲಿ ಹೇಳಿದರೂ ನನ್ನ ಹೆಂಡತಿ ಸುಶೀಲಾ ಪಕ್ಕದಿಂದ, "ಅದನ್ನ ಕಾರು ಅಂತ ಅವರೊಬ್ಬರ ಅಂತಾರ" ಎಂದು ಒಂದು ತಿದ್ದುಪಡಿ ಮಂಡಿಸುತ್ತಾಳೆ. ತಿದ್ದುಪಡಿ ಸರ್ವಾನುಮತದಿಂದ ಅಂಗೀಕಾರವಾಗುತ್ತದೆ!

ಕಾರು ವಿಲಾಯತಿಯದು. ಒಬ್ಬ ಸಾಹೇಬ, ಒಬ್ಬ ಇನಾಮದಾರ, ಒಬ್ಬ ಹತ್ತಿ ವ್ಯಾಪಾರಿ, ಹೀಗೆ ಮೂರು ಮನೆ ಕಂಡು ನಾಲ್ಕನೆಯದಾಗಿ ನನ್ನ ಮನೆಗೆ ಬಂದಿತ್ತು. ಬಂದ ದಿನ ನಮ್ಮ ಅಪ್ಪ ಅದರ ಬಾನೆಟ್ಟಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಿದ್ದರು. ಪೌರೋಹಿತ್ಯಕ್ಕೆಂದು ಜೀವನವಿಡೀ ಊರಿಂದೂರಿಗೆ ನಡೆದ ಮನುಷ್ಯ. ಅವರು ಹೋಗಿ ವರ್ಷಗಳಾದವು, ಆದರೆ ಆ ಬಾನೆಟ್ಟನ್ನು ಮಾರುವ ಮಾತು ಬಂದರೆ ನನಗೆ ಅವರ ಕೈಯನ್ನೇ ಮಾರಿದಂತೆ ಅನ್ನಿಸುತ್ತಿತ್ತು. ಇದನ್ನು ಯಾರಿಗೂ ಹೇಳುವಂತಿರಲಿಲ್ಲ. ಅದಕ್ಕೇ ಎಲ್ಲರೆದುರು ಎಂಜಿನ್ನಿನ ಗುಣಗಾನ ಮಾಡುತ್ತಿದ್ದೆ.

ಗಾಡಿಗೆ ಒಂದೇ ಒಂದು ಸಣ್ಣ ಚಟವಿತ್ತು. ಅದು ತಾನಾಗಿ ಸ್ಟಾರ್ಟ್ ಆಗುತ್ತಿರಲಿಲ್ಲ. ಸೆಲ್ಫ್ ಒತ್ತಿದರೆ ನರಳುತ್ತಿತ್ತು. ಮುಂದೆ ಹ್ಯಾಂಡಲ್ ಹಾಕಿ ತಿರುವಿದರೆ ಅದು ತಿರುಗಿ ನನಗೇ ಹೊಡೆಯುತ್ತಿತ್ತು. ಒಮ್ಮೆ ಮುಂಗೈ ಕುಂಬಳಕಾಯಿಯಂತೆ ಬಾತ ಮೇಲೆ ಹ್ಯಾಂಡಲನ್ನು ಅಟ್ಟಕ್ಕೆ ಏರಿಸಿದೆ. ಉಳಿದ ದಾರಿ ಒಂದೇ. ಇಳಿಜಾರಿನಲ್ಲಿ ನಿಲ್ಲಿಸುವುದು, ಹೊರಡುವಾಗ ಉರುಳಿ ಬಿಡುವುದು, ನಾಲ್ಕು ಮಾರು ಹೋದ ಮೇಲೆ ಗೇರಿಗೆ ಹಾಕುವುದು. ಹೀಗಾಗಿ ಬೈಲಹೊಂಗಲದಿಂದ ರಾಮದುರ್ಗದವರೆಗೆ ಯಾವ ಓಣಿ ಎಲ್ಲಿ ಬಾಗಿದೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಸಪಾಟು ನೆಲದಲ್ಲಿ ಸಿಕ್ಕಿಬಿದ್ದರೆ ಸುತ್ತಲಿನ ಜನ ಬಂದು ದೂಡುತ್ತಿದ್ದರು. ಎಷ್ಟು ರೂಢಿಯಾಗಿತ್ತೆಂದರೆ, ಕರೆಯುವುದೇ ಬೇಕಿರಲಿಲ್ಲ. ಗಾಡಿ ನಿಂತದ್ದು ಕಂಡರೆ ಸಾಕು, ಧೋತರದ ಕಚ್ಚೆ ಬಿಗಿದುಕೊಂಡು ಓಡಿ ಬರುತ್ತಿದ್ದರು.

ಸುಶೀಲಾಳ ತವರು ರಾಮದುರ್ಗ. ಅವಳ ಅಣ್ಣ-ವೈನಿಯರ ಮನೆಯ ಮುಂದೆ ನೆಲ ಕಟ್ಟೆಯಂತೆ ಸಮ. ಆದ್ದರಿಂದ ಗಾಡಿಯನ್ನು ಎರಡು ಓಣಿ ಆಚೆ, ಯಾರದೋ ಮನೆಯ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸಿ, ಉಂಡಿ ಡಬ್ಬಿ ಹೊತ್ತುಕೊಂಡು ಬಿಸಿಲಲ್ಲಿ ನಡೆಯಬೇಕಿತ್ತು.

"ಕಾರ್‌ನ್ಯಾಗ ಬಂದ್ಯೋ, ನಡಕೋತ ಬಂದ್ಯೋ ಅಂತ ನಮ್ಮ ವೈನಿ ಕೇಳತಾರ್ರಿ. ಏನ್ ಹೇಳ್ಲಿ?"

"ಎರಡೂ ಅಂತ ಹೇಳು" ಎಂದೆ. ಅಂದು ಸಾರಿಗೆ ಉಪ್ಪಿರಲಿಲ್ಲ.

ಇಷ್ಟಾದರೂ ಸಂಸಾರ ನಡೆದಿತ್ತು. ಕೆಡಿಸಿದ್ದು ಒಂದು ಎಮ್ಮೆ. ಸಂತೆಯ ದಿನ ನಿಂತಿದ್ದ ಗಾಡಿಗೆ ಅದು ಯಾವ ಪೂರ್ವಸೂಚನೆಯನ್ನೂ ಕೊಡದೆ ಹಾಯ್ದು, ಬಲಗಡೆಯ ಲೈಟು ಒಡೆದು, ಮಡ್‌ಗಾರ್ಡಿಗೆ ಒಂದು ತಗ್ಗು ಬೀಳಿಸಿ, ಏನೂ ಆಗದವರಂತೆ ಹೋಯಿತು.

"ವಿಮಾ ಅದ ಅಲ್ರಿ? ಅವರು ಕೊಡಬೇಕಲ್ಲ?" ಎಂದಳು ಸುಶೀಲಾ.

ನಾನು ಕಾಯ್ದೆ ತಿಳಿಸಿ ಹೇಳಿದೆ. "ನಮ್ಮದು ಥರ್ಡ್ ಪಾರ್ಟಿ ವಿಮಾ. ಅಂದ್ರ, ನಾವು ಎಮ್ಮೀಗೆ ಹಾಯ್ದಿದ್ರ ಎಮ್ಮಿ ಮಾಲಕಗ ಕೊಡ್ತಿದ್ರು. ಎಮ್ಮಿ ನಮಗ ಹಾಯ್ದ್ರ ನಮಗೇನೂ ಇಲ್ಲ."

"ಅಂದ್ರ ಇಷ್ಟ ವರ್ಷ ನೀವು ಎಮ್ಮಿ ಸಲುವಾಗಿ ವಿಮಾ ತುಂಬಿದ್ರಿ!"

ಅವಳು ಬಿಡಲಿಲ್ಲ. ಹೊಸ ಗಾಡಿಗೆ ಹೆಸರು ಹಚ್ಚಿ ಎಂದಳು. ಆಗ ಹೆಸರು ಹಚ್ಚಿದರೆ ಗಾಡಿ ಬರಲು ವರ್ಷಗಟ್ಟಲೆ ಕಾಯಬೇಕಿತ್ತು. "ಈಗ ಹಚ್ಚಿದ್ರ ನಮ್ಮ ಮಗಳ ಮದುವಿ ಹೊತ್ತಿಗೆ ಬರತದ, ಆಕಿ ಇನ್ನೂ ಎರಡನೇ ಇಯತ್ತೆ!" ಎಂದು ನಕ್ಕೆ. "ಹಂಗಾದ್ರ ಇವತ್ತ ಹಚ್ಚಬೇಕಲ್ಲ?" ಎಂದಳು. ವಾದದಲ್ಲಿ ನಾನೇ ಎದುರು ಪಕ್ಷಕ್ಕೆ ಸಾಕ್ಷಿ ಹೇಳಿದಂತಾಯಿತು.

ಕೊನೆಗೆ ಅವಳೇ ಒಂದು ಕರಾರು ಮುಂದಿಟ್ಟಳು. "ವಿಮಾ ಕಂಪನಿಯವರನ್ನ ಕರಸ್ರಿ. ಅವರು ನೋಡಿ ಪೂರ್ತಿ ವಿಮಾ ಕೊಟ್ರ ಗಾಡಿ ಇರಲಿ, ನಾ ಇನ್ನ ಚಕಾರ ಎತ್ತೂದಿಲ್ಲ. ಕೊಡೂದಿಲ್ಲ ಅಂದ್ರ ಅವತ್ತ ಹೊಸಾದಕ್ಕ ಹೆಸರ ಹಚ್ಚಿ ಇದನ್ನ ಗುಜರಿಗೆ ಹಾಕ್ರಿ. ಕಬೂಲ?"

"ಕಬೂಲ್!" ಎಂದೆ. ಎಂಥೆಂಥ ಸಾಕ್ಷಿಗಳನ್ನು ಪಾಟೀಸವಾಲಿನಲ್ಲಿ ಉರುಳಿಸಿದವನು ನಾನು. ಒಬ್ಬ ವಿಮಾ ಸಾಹೇಬ ಯಾವ ಲೆಕ್ಕ!

ತಪಾಸಣೆಯ ಹಿಂದಿನ ದಿನ ಗಾಡಿಗೆ ಹಸಿರು ಬಣ್ಣ ಹೊಡೆಸಿದೆ. ಪೇಂಟರನು ಅಂಗಡಿ ಬೋರ್ಡು ಬರೆಯುವವನು, ಕೈ ಧಾರಾಳ. ತಗ್ಗು, ಗೀರು, ತುಕ್ಕು ಎಲ್ಲ ಮಾಯವಾಗಿ ಗಾಡಿ ಫಳಫಳ ಹೊಳೆಯಿತು. ನಾನು ಎರಡು ಸಲ ಸುತ್ತು ಹಾಕಿ ನೋಡಿ ಮೀಸೆ ತಿರುವಿಕೊಂಡೆ.

ವಿಮಾ ಸಾಹೇಬರು ಬೆಳಗಾವಿಯಿಂದ ಬೆಳಗಿನ ಬಸ್ಸಿಗೆ ಬಂದರು. ಬಿಳಿ ಪ್ಯಾಂಟು, ಬಿಳಿ ಶರ್ಟು, ಮಾತು ಕಡಿಮೆ. "ನನಗ ರಾಮದುರ್ಗದಾಗ ಒಂದು ಸೀರಿ ಗೋದಾಮು ನೋಡೂದದ. ನಿಮ್ಮ ಗಾಡ್ಯಾಗ ಹೋಗೋಣಂತ. ತಪಾಸಣೆನೂ ಆತು, ಪ್ರಯಾಣನೂ ಆತು" ಎಂದರು.

"ನಾನೂ ಬರತೇನಿ, ಅಣ್ಣನ ಮನೀಗೆ ಹೋದಂಗೂ ಆತು" ಎಂದು ಸುಶೀಲಾ ಒಳಗಿನಿಂದ ಉಟ್ಟು ತೊಟ್ಟು ತಯಾರಾಗಿಯೇ ಹೊರಗೆ ಬಂದಳು. ಸಾಕ್ಷಿದಾರಳಿಗೆ ಸಮನ್ಸೇ ಬೇಕಾಗಲಿಲ್ಲ.

ಸಾಹೇಬರು ಎಡಗಡೆಯ ಬಾಗಿಲಿಗೆ ಕೈಹಾಕಿದರು. ಬರಲಿಲ್ಲ. ಜಗ್ಗಿದರು. ಬರಲಿಲ್ಲ. ಪೇಂಟರನ ಧಾರಾಳತನದಲ್ಲಿ ಬಾಗಿಲೂ ಚೌಕಟ್ಟೂ ಅಂಟಿಕೊಂಡು ಒಂದೇ ಆಗಿದ್ದವು!

"ಭದ್ರತೆ ಸಾಹೇಬ್ರ. ಕಳ್ಳರ ಕಾಟ ನೋಡ್ರಿ, ಒಂದ ಬಾಗಿಲಾ ಇಟ್ಟೇನಿ" ಎಂದು ನನ್ನ ಕಡೆಯಿಂದ ಹತ್ತಿಸಿದೆ. ಅವರು ಸ್ಟೇರಿಂಗಿನ ಅಡಿಯಿಂದ ಮೊಣಕಾಲು ಎತ್ತಿ, ಗೇರು ದಾಟಿ, ಆಚೆ ಹೋಗಿ ಕುಳಿತಾಗ ಬಿಳಿ ಪ್ಯಾಂಟಿನ ಮೇಲೆ ಒಂದು ಹಸಿರು ಪಟ್ಟಿ ಮೂಡಿತ್ತು. ಸುಶೀಲಾ ಹಿಂದೆ ಕುಳಿತು ಸೆರಗನ್ನು ಬಾಯಿಗೆ ಹಿಡಿದಿದ್ದಳು. ಧೂಳಿಗೆ ಅಂತ ನಾನು ತಿಳಿದುಕೊಂಡೆ.

ಮನೆಯ ಮುಂದಿನ ಇಳಿಜಾರು ಮಾತ್ರ ನನ್ನ ಮಾನ ಕಾಯಿತು. ಬ್ರೇಕ್ ಬಿಟ್ಟೆ, ಉರುಳಿತು, ಗೇರಿಗೆ ಹಾಕಿದೆ, ಗುಡುಗಿತು. "ಸ್ಟಾರ್ಟ್ ಮಾಡಿದ್ದು ಗೊತ್ತ ಆಗ್ಲಿಲ್ಲಲ್ರಿ!" ಎಂದರು ಸಾಹೇಬರು. ನಾನು ಕನ್ನಡಿಯಲ್ಲಿ ಹೆಂಡತಿಯತ್ತ ನೋಡಿ ಹುಬ್ಬು ಹಾರಿಸಿದೆ. ಮೊದಲ ಸುತ್ತು ನನ್ನದು!

ಸವದತ್ತಿಯವರೆಗೆ ಹೂವು ಎತ್ತಿದಂತೆ ಹೋಯಿತು. ಪೇಟೆಯೊಳಗೆ, ನಡು ರಸ್ತೆಯಲ್ಲಿ, ಅಂಗೈಯಷ್ಟು ಸಮವಾದ ನೆಲದ ಮೇಲೆ ಸಾಹೇಬರು ಅಂದರು: "ಒಂದೀಟ ನಿಲ್ಲಸ್ರಿ. ಎಂಜಿನ್ ನಂಬರ್ ನೋಡಬೇಕು."

"ಮುಂದ ಹೋಗಿ ನೋಡೋಣ್ರಿ. ಅಲ್ಲೆ ಒಂದು ಒಳ್ಳೆ ನೆರಳದ" ಎಂದೆ. ನೆರಳಿನ ಜೊತೆಗೆ ಒಂದು ಒಳ್ಳೆಯ ಇಳಿಜಾರೂ ಇತ್ತು.

"ಇಲ್ಲೇ ಆಗಲಿ. ಎಂಜಿನ್ ಬಂದ್ ಮಾಡ್ರಿ."

"ಚಾಲೂ ಇದ್ದಾಗನ ನೋಡಿದ್ರ ಅದರ ಖರೇ ಸ್ವಭಾವ ತಿಳೀತದ ಸಾಹೇಬ್ರ..."

"ಬಂದ್ ಮಾಡ್ರಿ ವಕೀಲ್ರ."

ಬಂದ್ ಮಾಡಿದೆ. ಎಂಜಿನ್ ಒಮ್ಮೆ ಬಿಕ್ಕಿ ಸುಮ್ಮನಾಯಿತು. ಸಾಹೇಬರು ಮತ್ತೆ ಗೇರು ದಾಟಿ ಇಳಿದು, ಬಾನೆಟ್ ಎತ್ತಿಸಿ, ನಂಬರು ಬರೆದುಕೊಳ್ಳುವಷ್ಟರಲ್ಲಿ ಚಹಾದಂಗಡಿಯ ಬೆಂಚಿನಿಂದ ಒಂದು ಧ್ವನಿ ಎದ್ದಿತು.

"ಏ, ವಕೀಲ್ರ ಗಾಡಿ ನಿಂತೈತಿ! ಬರ್ರಪೋ!"

ಬಂದರು! ಬೆಂಚಿನ ಮೇಲಿದ್ದವರು, ಚಕ್ಕಡಿ ಹೊಡೆಯುವವರು, ಹಜಾಮತಿಗೆ ಕುಳಿತು ಅರ್ಧ ಗಲ್ಲಕ್ಕೆ ಸಾಬೂನು ಹಚ್ಚಿಸಿಕೊಂಡವನೊಬ್ಬ, ಎಲ್ಲರೂ ಬಂದರು. ಬೇಡ, ಬೇಡ ಎಂದು ನಾನು ಕಣ್ಣಿನಿಂದಲೇ ಸನ್ನೆ ಮಾಡಿದೆ. ಅವರಿಗದು ಅವಸರದ ಸನ್ನೆಯಂತೆ ಕಂಡಿತು. ಇನ್ನೂ ಜೋರಾಗಿ ಬಂದರು.

"ಏನ್ರಿ ಇದು ಇಷ್ಟ ಮಂದಿ?" ಎಂದರು ಸಾಹೇಬರು.

ಕೋರ್ಟಿನಲ್ಲಿ ಸುಮ್ಮನೆ ಬೆಳೆದ ನಾಲಿಗೆಯಲ್ಲ ನನ್ನದು. ತಕ್ಷಣ ಇಳಿದು, ಜನಕ್ಕೆ ಎರಡೂ ಕೈ ಎತ್ತಿ ನಮಸ್ಕಾರ ಮಾಡಿದೆ. "ಅಭಿಮಾನ್ರಿ ಸಾಹೇಬ್ರ. ನಾ ಬಂದೇನಿ ಅಂದ್ರ ನೋಡಾಕ ಬರತಾರ. ಹೊಂಟಾಗ ಗಾಡಿಗೆ ಕೈ ಹಚ್ಚಿ ಕಳಸೂದು ನಮ್ಮ ಕಡೆ ಹಳೇ ಪದ್ಧತಿ. ಬ್ಯಾಡ ಅಂದ್ರ ಮನಸಿಗೆ ಹಚ್ಚಕೋತಾರ."

ಹಿಂದಿನ ಸೀಟಿನಿಂದ ಸುಶೀಲಾಳ ಕೆಮ್ಮು ಕೇಳಿಸಿತು. ಸಾಹೇಬರು ಗಂಭೀರವಾಗಿ ತಲೆಯಾಡಿಸಿದರು. ಜನ ಕೈ ಹಚ್ಚಿದರು. ಗಾಡಿ ಸ್ಟಾರ್ಟ್ ಆಯಿತು. ನಾನು ಕಿಟಕಿಯಿಂದ ಕೈ ಬೀಸುತ್ತ, ಚುನಾವಣೆ ಗೆದ್ದವನ ಹಾಗೆ ಸವದತ್ತಿಯಿಂದ ಹೊರಬಿದ್ದೆ. ಜೀವಮಾನದಲ್ಲಿ ಅಂಥ ಜಂಬ ನನಗೆ ಇನ್ನೊಮ್ಮೆ ಬಂದಿಲ್ಲ!

ದಾರಿಯಲ್ಲಿ ಒಂದು ಸಣ್ಣ ಹಳ್ಳಿ. ರಸ್ತೆಗೆ ಅಡ್ಡ ಮಲಗಿದ್ದ ಕೋಣವೊಂದು ಹಾರನ್ನಿಗೆ ಏಳಲಿಲ್ಲ. ಗಾಡಿ ನಿಂತಿತು, ಎಂಜಿನ್ನೂ ನಿಂತಿತು. ಅಲ್ಲಿಯೂ ಅಭಿಮಾನಿಗಳು ಓಡಿ ಬಂದರು. ಆದರೆ ಊರು ಸಣ್ಣದು, ಅಭಿಮಾನಿಗಳು ಇಬ್ಬರೇ. ಅವರ ಬಲಕ್ಕೆ ಕೋಣ ಎದ್ದಿತು, ಗಾಡಿ ಮಿಸುಕಲಿಲ್ಲ. ಆಗ ಸಾಹೇಬರು ಇಳಿದರು. ತೋಳು ಏರಿಸಿದರು.

"ಏ, ನೀವ್ಯಾಕ್ರಿ ಸಾಹೇಬ್ರ!"

"ಪದ್ಧತಿ ಅಂದ್ರ ಪದ್ಧತಿ" ಎಂದು ಅವರೂ ಕೈ ಹಚ್ಚಿದರು.

ರಾಮದುರ್ಗ ಮುಟ್ಟಿದಾಗ ಸಾಹೇಬರ ಎರಡೂ ಅಂಗೈ ಹಸಿರಾಗಿದ್ದವು. ಎರಡು ಓಣಿ ಆಚೆ ಗಾಡಿ ನಿಲ್ಲಿಸಿ, ಮೂವರೂ ಬಿಸಿಲಲ್ಲಿ ನಡೆದು ನನ್ನ ಭಾವನ ಮನೆಗೆ ಹೋದೆವು. ವೈನಿ ಅವಲಕ್ಕಿ, ಚಹಾ ತಂದಿಟ್ಟರು. ಸಾಹೇಬರು ಸೀಮೆಎಣ್ಣೆಯಲ್ಲಿ ಕೈ ತೊಳೆದು ಬಂದು ಕುಳಿತರು. ನಾನು ಅವಲಕ್ಕಿಯನ್ನು ತಟ್ಟೆಯಲ್ಲೇ ಆ ಕಡೆ ಈ ಕಡೆ ಸರಿಸುತ್ತಿದ್ದೆ. ಬಾನೆಟ್ಟಿನ ಮೇಲಿದ್ದ ಅಪ್ಪನ ಕೈ ಕಣ್ಣೆದುರು ಬಂತು. ಗುಜರಿಯವನು ಅದನ್ನು ಸುತ್ತಿಗೆಯಿಂದ ಬಡಿಯುವುದೂ ಬಂತು.

"ಪೂರ್ತಿ ವಿಮಾ ಕೊಡತೇನಿ" ಎಂದರು ಸಾಹೇಬರು.

ನಾನು ಎದ್ದೇ ನಿಂತೆ! "ಕೇಳಿದ್ಯಾ?" ಎಂದು ಸುಶೀಲಾಳ ಕಡೆ ತಿರುಗಿದೆ. ಅವಳ ಮುಖ ಸಣ್ಣದಾಯಿತು. ಪಾಪ ಅನ್ನಿಸಿತು, ಸುಳ್ಳೇಕೆ ಹೇಳಲಿ, ಆದರೆ ಗೆದ್ದ ಖುಷಿಯಲ್ಲಿ ಆ ಪಾಪ ಹೆಚ್ಚು ಹೊತ್ತು ಉಳಿಯಲಿಲ್ಲ. ಅವಳು ಬಿಡುವವಳಲ್ಲ. "ಸಾಹೇಬ್ರ, ಏನ್ ನೋಡಿ ಕೊಟ್ರಿ? ತಪ್ಪು ತಿಳಕೋಬ್ಯಾಡ್ರಿ, ಬರೇ ತಿಳಕೊಳ್ಳಾಕ ಕೇಳತೇನಿ."

ಸಾಹೇಬರು ಚಹಾ ಬಸಿಯಲ್ಲಿ ಸುರುವಿಕೊಂಡರು. "ನೋಡ್ರಿ ತಂಗಿ, ವಿಮಾ ಕಂಪನಿಗೆ ಎರಡ ಅಂಜಿಕಿ. ಒಂದು ಅಪಘಾತ, ಇನ್ನೊಂದು ಕಳವು. ಅಪಘಾತ ಆಗಬೇಕಂದ್ರ ಗಾಡಿ ಓಡಬೇಕು. ಇವತ್ತ ದಾರ್‍ಯಾಗ ಒಬ್ಬ ಸೈಕಲ್ಲಿನಾವ ನಮ್ಮನ್ನ ದಾಟಿ ಹೋಗಿ, ತಿರುಗಿ ನೋಡಿ ನಮಸ್ಕಾರ ಮಾಡಿದ. ಇನ್ನ ಕಳವು. ಇದನ್ನ ಕದಿಯಾಕ ಬಂದಾವ ಒಂದು ಓಣಿ ಮಂದಿನ್ನ ಎಬಿಸಿ ದೂಡಸಬೇಕು. ಇಷ್ಟ ಸುರಕ್ಷಿತ ಗಾಡಿ ನಾ ನನ್ನ ನೌಕರ್‍ಯಾಗ ನೋಡಿಲ್ಲ!"

ಮನೆ ಹಾರಿಹೋಗುವಂತೆ ಎಲ್ಲರೂ ನಕ್ಕರು. ಭಾವನಿಗೆ ಚಹಾ ನೆತ್ತಿಗೇರಿತು. ನಾನು ಸಾವರಿಸಿಕೊಂಡು, "ಪದ್ಧತಿ ಮಾತ್ರ..." ಎಂದು ಏನೋ ಶುರುಮಾಡಿದೆ.

"ನಾನು ಇಲ್ಲೇ ನಿಮ್ಮ ಬಾಜೂಕಿನ ಕಿತ್ತೂರಿನಾವ ವಕೀಲ್ರ," ಎಂದರು ಸಾಹೇಬರು, ಬಹಳ ಮೃದುವಾಗಿ. "ಅಂಥಾ ಪದ್ಧತಿ ನಮ್ಮ ಕಡೆ ಇಲ್ಲ."

ಆದರೇನು? ತೀರ್ಪು ತೀರ್ಪೇ. ಕಾರಣ ಏನೇ ಇರಲಿ, ಪ್ರತಿವಾದಿ ಗೆದ್ದಿದ್ದ! ಮರುದಿನ ಬೈಲಹೊಂಗಲಕ್ಕೆ ಬಂದವನೇ ಪೇಟೆಯ ಚಹಾದಂಗಡಿಯಲ್ಲಿ ಎಲ್ಲರಿಗೂ ನನ್ನ ಲೆಕ್ಕದಲ್ಲಿ ಚಹಾ ಹೇಳಿ, ಬೆಂಚಿನ ಮುಂದೆ ನಿಂತು ಸಾರಿದೆ. "ಪೂರ್ತಿ ವಿಮಾ ಆತು! ಇನ್ನ ಮುಂದ ಈ ಗಾಡಿಗೆ ಏನ ಆಗಲಿ, ಕಂಪನಿ ನೋಡಕೋತದ. ನೀವು ಯಾರೂ ಕಾಳಜಿ ಮಾಡೂ ಕಾರಣಿಲ್ಲ!"

ಜನ ಚಪ್ಪಾಳೆ ತಟ್ಟಿದರು. ಚಹಾ ಕುಡಿದರು.

ಅದಾಗಿ ಕೆಲವು ದಿನ ಕಳೆದ ಮೇಲೆ ಸುಶೀಲಾಳನ್ನು ಪೇಟೆಗೆ ಬಿಟ್ಟು ಕೋರ್ಟಿಗೆ ಹೋಗುವವನಿದ್ದೆ. ಸರಿಯಾಗಿ ಆ ಚಹಾದಂಗಡಿಯ ಮುಂದೆ, ಸಪಾಟು ನೆಲದ ಮೇಲೆ, ಎಂಜಿನ್ ಬಿಕ್ಕಿ ನಿಂತಿತು. ನಾನು ನಿಶ್ಚಿಂತೆಯಿಂದ ಕಾದೆ. ಯಾರೂ ಬರಲಿಲ್ಲ. ಹಾರನ್ ಹೊಡೆದೆ. ಬೆಂಚಿನ ಮೇಲಿದ್ದವರು ಬಹಳ ಪ್ರೀತಿಯಿಂದ ನಕ್ಕರು.

"ಬರ್ರಪಾ, ಒಂದೀಟ ಕೈ ಹಚ್ಚರಿ!"

"ಹೆಂಗ ಹಚ್ಚೂದರಿ ವಕೀಲ್ರ?" ಎಂದ ಎಷ್ಟೋ ವರ್ಷ ನನ್ನ ಗಾಡಿ ದೂಡಿದ ಬಸಪ್ಪ. "ಮೊದಲ ನಿಮ್ಮ ಗಾಡಿ ಇತ್ತು, ದೂಡತಿದ್ವಿ. ಈಗ ಪೂರ್ತಿ ವಿಮಾ ಆಗೇತಿ, ಕಂಪನಿ ನೋಡಕೋತೈತಿ ಅಂತ ನೀವ ಅಂದ್ರಿ. ನಾವು ಕೈ ಹಚ್ಚಿ ಏನಾರ ಹೆಚ್ಚುಕಡಿಮಿ ಆದ್ರ ಕಾಯ್ದೆಕ್ಕ ಬರತೈತ್ರಿ. ಕಂಪನಿಯವರು ಬರಲಿ, ಕುಂತ್ಕೋರಿ, ಚಹಾ ಕುಡೀರಿ."

ಬೆಂಚು ಪೂರ್ತಿ ಹೌದ್ಹೌದು ಎಂದಿತು. ಕೋರ್ಟಿನ ವೇಳೆ ಮೀರುತ್ತಿತ್ತು. ನಾನು ಕೆಳಗಿಳಿದು ಸುಶೀಲಾಳತ್ತ ನೋಡಿದೆ. ಅವಳು ಆಗಲೇ ಗೇರು ದಾಟಿ ಬಂದು, ನನ್ನ ಸೀಟಿನಲ್ಲಿ ಕುಳಿತು ಸೆರಗು ಸೊಂಟಕ್ಕೆ ಸಿಗಿಸಿಕೊಳ್ಳುತ್ತಿದ್ದಳು.

"ಸ್ಟೇರಿಂಗ್ ನಾ ಹಿಡೀತೇನಿ," ಎಂದಳು. "ನೀವು ನಡೀರಿ ಹಿಂದ."

ಹೆಂಡತಿಯ ಜೊತೆ ಕಟ್ಟಿದ ಪಂದ್ಯಗಳಲ್ಲಿ ನಾನು ಗೆದ್ದದ್ದು ಅದೊಂದೇ. ಇಡೀ ಪೇಟೆ ನೋಡುತ್ತಿತ್ತು. ಸೋತವಳು ಒಳಗೆ ಠೀವಿಯಿಂದ ಕುಳಿತು ಪರಿಚಯದವರಿಗೆ ನಮಸ್ಕಾರ ಮಾಡುತ್ತ ಹೊರಟಿದ್ದಳು. ಗೆದ್ದ ನಾನು ಕರಿ ಕೋಟು ಹೆಗಲಿಗೆ ಹಾಕಿಕೊಂಡು, ಏದುಸಿರು ಬಿಡುತ್ತ, ಹಿಂದಿನಿಂದ ದೂಡುತ್ತಿದ್ದೆ!