ಆಯಿಯ ಮುಖ ಅಚ್ಚು ಹಾಕಿದ್ದು

ಅಚ್ಚುಚಿತ್ರ ಕಲಿಯಲು ಕುಮಟಾದ ಕಾಲೇಜು ಸೇರಿದ ಮೇಲೆ ನನ್ನ ಕೈಗೆ ಮಸಿ ಹತ್ತಿದ್ದಕ್ಕಿಂತ ಫಜೀತಿ ಹತ್ತಿದ್ದೇ ಹೆಚ್ಚು. ಆದರೂ ಬಿಡುವ ಮಾತೇ ಇಲ್ಲ! ಮರದಲ್ಲಿ ಕೆತ್ತಿ, ಮಸಿ ಸವರಿ, ಒತ್ತಿದ ಕಾಗದ ಎತ್ತುವಾಗ ಸಿಗುವ ಖುಷಿಯೇ ಬೇರೆ, ದೇವರಾಣೆ. ಈ ಸಲ ಪರೀಕ್ಷೆಗೆ ನನ್ನ ಹೆತ್ತ ಆಯಿಯ ಮುಖ ಅಂತ ತೀರ್ಮಾನಿಸಿದೆ. ಶುಕ್ರವಾರದೊಳಗೆ ತೋರಿಸದಿದ್ದರೆ ಫೇಲ್.

ಮೂಗುತಿ

ಮೊದಲ ಪ್ರತಿ ಹಿಡಿದು ಕುಣಿಯುತ್ತ ಮನೆಗೆ ಬಂದೆ. ಆಯಿ ಮೀನು ಮಾರಿ ಆಗಷ್ಟೇ ಬಂದಿದ್ದಳು.

"ನನ್ನ ಮೂಗುತಿ ಆ ಬದಿಗೆ ಎಂತಕ್ಕೆ ಹೋತು?"

"ಅಚ್ಚು ಹಾಕಿದ್ರೆ ಎಡದ್ದು ಬಲಕ್ಕೆ ಬತ್ತದೆ ಆಯಿ. ಕಲೆ ಅಂದ್ರೆ ಹಾಗೇ."

"ಎಂತಾ ಕಲೆಯೆ! ನನ್ನ ಕನ್ನಡಿಯೊಳಗೆ ನೋಡಿ ಕೆತ್ತಿದ್ರೆ ಸರಿ ಬತ್ತಿತ್ತಲ್ಲ?"

ಎರಡು ವರ್ಷದಿಂದ ಕಲಿಯುತ್ತಿದ್ದ ನಾನು ಕನ್ನಡಿ ಹುಡುಕಿದೆ.

ಕಬ್ಬಿನ ಗಾಣ

ಕನ್ನಡಿ ನೋಡಿ ಎರಡು ಹಲಗೆ ಕೆತ್ತಿದೆ, ಚಿಕ್ಕದೊಂದು, ದೊಡ್ಡದೊಂದು. ಅಷ್ಟರಲ್ಲಿ ಕಾಲೇಜಿನ ಅಚ್ಚಿನ ಯಂತ್ರ ಕೆಟ್ಟು ಕೂತಿತು. ಅದಕ್ಕೂ ಉರುಳೆ, ನಮ್ಮೂರು ಹೊನ್ನಾವರದ ಬಸ್‌ಸ್ಟ್ಯಾಂಡಿನ ಕಬ್ಬಿನ ಹಾಲಿನ ಮಷಿನ್ನಿಗೂ ಉರುಳೆ! ತಲೆ ಓಡಿತು ನೋಡಿ. ಅಂಗಡಿಯವನನ್ನು ಕಾಡಿ ಬೇಡಿ ಒಪ್ಪಿಸಿದೆ. ಮಸಿ ಸವರಿದ ಚಿಕ್ಕ ಹಲಗೆ ಕಾಗದದ ಸಮೇತ ಒಳಗೆ ಹೋಯಿತು, ಚಕ್ಕೆಚಕ್ಕೆಯಾಗಿ ಹೊರಬಂತು. ಮುಂದಿನ ಗಿರಾಕಿಯ ಗ್ಲಾಸಿಗೆ ಕರಿ ರಸ ಇಳಿಯಿತು.

"ಇದೆಂತದು ಮಾರಾಯ?" ಗಿರಾಕಿ ಹೌಹಾರಿದ.

ಅಂಗಡಿಯವ ನನ್ನನ್ನು ದುರುಗುಟ್ಟಿ ನೋಡಿ, ಗ್ಲಾಸು ಚರಂಡಿಗೆ ಚೆಲ್ಲುತ್ತ, "ಕರಿ ಕಬ್ಬಲ್ದಾ? ಮೊದಲ ರಸ ಹಾಗೇ!" ಅಂದ.

ದೋಣಿ

ಶುಕ್ರವಾರ ಬಂದೇ ಬಂತು. ಕೈಯಲ್ಲೇ ಉಜ್ಜಿ ಅಚ್ಚು ತೆಗೆಯುವುದೆಂದು ದೊಡ್ಡ ಹಲಗೆಗೆ ಮಸಿ ಸವರಿ, ಮನೆಯೆದುರಿನ ಕಡಲದಂಡೆಯ ಮರಳು ಹೊಯ್ಗೆ ಮೇಲಿಟ್ಟು ಕಾಗದ ತರಲು ಒಳಗೆ ಓಡಿದೆ. ಅದೇ ಹೊತ್ತಿಗೆ ಅಪ್ಪನ ದೋಣಿ ಬರಬೇಕೇ! ದೋಣಿಯನ್ನು ದಡಕ್ಕೆ ಎಳೆಯುವಾಗ ಜಾರಲೆಂದು ಅಡಿಗೆ ಎಣ್ಣೆ ಬಳಿದ ಹಲಗೆ ಇಡುತ್ತಾರೆ. ನನ್ನದೂ ಮಿರಿಮಿರಿ ಮಿಂಚುತ್ತಿತ್ತಲ್ಲ, ದೋಣಿಯವರು ಎತ್ತಿ ಅಡಿಗೆ ಹಾಕಿಯೇಬಿಟ್ಟರು. "ಅಯ್ಯಯ್ಯೋ!" ಎಂದು ಓಡಿಬರುವಷ್ಟರಲ್ಲಿ, ಜಾರುವ ಮೊದಲೇ ದೋಣಿಯ ಭಾರಕ್ಕೆ ಹಲಗೆ ಎರಡು ತುಂಡು. ಗೋಳೋ ಎಂದು ಅತ್ತೆ. ಬಗ್ಗಿ ನೋಡಿದರೆ, ಹೊಸದಾಗಿ ಬಿಳಿ ಬಣ್ಣ ಬಳಿದ ದೋಣಿಯ ಹೊಟ್ಟೆ ಮೇಲೆ ಆಯಿ! ಒಂದು ಗೆರೆಯೂ ಕೆಟ್ಟಿಲ್ಲ!

ಕಾಲೇಜಿನಲ್ಲಿ ಅಚ್ಚು ಕಲಿಸುವ ನಮ್ಮ ಸರ್‌ಗೆ ಫೋನು ಮಾಡಿದೆ. "ಪ್ರಿಂಟ್ ಆಯ್ತಾ? ಬೇಗ ತಗೊಂಡು ಬಾ" ಅಂದರು.

"ಸರ್, ತರಲಿಕ್ಕೆ ಹದಿನೆಂಟು ಜನ ಬೇಕು."

ಸಂಜೆ ಭಟ್ಕಳದ ಮನೆಗೆ ಹೊರಟ ಸರ್ ದಾರಿಯಲ್ಲೇ ನಮ್ಮಲ್ಲಿ ಇಳಿದರು. ದೋಣಿಯಡಿ ಅಂಗಾತ ಮಲಗಿ, ಮೊಬೈಲಿನ ಬೆಳಕು ಬಿಟ್ಟು ನೋಡಿ, ಮೈಯ ಹೊಯ್ಗೆಯನ್ನೂ ಕೊಡವದೆ "ಪಾಸು!" ಅಂದರು. ನಾನು ದಂಡೆ ತುಂಬ ಕುಣಿದೆ.

ಅಪ್ಪ ಮಾತ್ರ ಆಚೀಚೆ ನೋಡಿ, ಸರ್ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಪರೀಕ್ಷೆ ಆತಲ್ಲ ಸರ. ಇನ್ನು ಇದನ್ನ ಅಳಿಸುದು ಹೇಗೆ? ಹೆಂಡ್ತಿ ಬಾಯಿಗೆ ಹೆದರಿಯೇ ನಾ ದಿನಾ ಕಡಲಿಗೆ ಹೋಗುದು!"